ಗಾಯಕ್ಕೆ ತಂಪು ಹೊದಿಕೆ

ಒಲೆ ಮುಂದೆ ಕೈ ಸುಡುತ್ತದೆ. ಈಳಿಗೆಮಣೆ ಬೆರಳಿಗೆ ತಾಗುತ್ತದೆ. ಗದ್ದೆಯಲ್ಲಿ ಕುಡುಗೋಲು ತಾಗುತ್ತದೆ. ಗಾಯ ನಮಗೆ ಹೊಸದಲ್ಲ. ಗಾಯ ಆದ ಕೂಡಲೇ ನಾವು ಏನು ಮಾಡುತ್ತೇವೆ? ಬೂದಿ ಹಚ್ಚುತ್ತೇವೆ. ಸುಣ್ಣ, ಕಾಫಿಪುಡಿ ಮೆತ್ತುತ್ತೇವೆ. ಸುಟ್ಟರೆ ಇಂಕು ಸುರಿಯುತ್ತೇವೆ. “ಗಾಯ ಬೇಗ ಒಣಗಲಿ” ಅಂತೀವಿ.

ಒಣಗಿದರೆ ಗಾಯ ಬೇಗ ಮಾಯುತ್ತದೆಯೇ?

ತೇವ ಇರಬೇಕು

ಇಂಗ್ಲೆಂಡಿನ ವಿಜ್ಞಾನಿ ಜಾರ್ಜ್ ವಿಂಟರ್ ಇದನ್ನು ಪರೀಕ್ಷೆ ಮಾಡಿದರು. ಅದರ ಫಲವನ್ನು 1962ರಲ್ಲಿ ತಿಳಿಸಿದರು. ಹಂದಿಯ ಚರ್ಮದ ಮೇಲಿನ ಕೆಲವು ಗಾಯಗಳನ್ನು ತೆರೆದು ಬಿಟ್ಟರು. ಕೆಲವಕ್ಕೆ ತೆಳುವಾದ ಪ್ಲಾಸ್ಟಿಕ್ ಹಾಳೆ ಹೊದಿಸಿದರು. ತೆರೆದ ಗಾಯ ಒಣಗಿ ಹಕ್ಕಳೆ ಕಟ್ಟಿತು. ಮುಚ್ಚಿದ ಗಾಯ ತೇವವಾಗಿಯೇ ಉಳಿಯಿತು. ಅಲ್ಲಿ ಹೊಸ ಚರ್ಮ ಸುಮಾರು 2 ಪಟ್ಟು ಬೇಗ ಹರಡಿತು.

ಯಾಕೆ ಹೀಗೆ? ಹೊಸ ಚರ್ಮ ಗಾಯದ ಅಂಚಿನಿಂದ ಒಳಕ್ಕೆ ಹಬ್ಬಬೇಕು. ಹಸಿ ನೆಲದಲ್ಲಿ ಬಳ್ಳಿ ಹಬ್ಬುತ್ತದೆ. ಒಣ ಹೆಂಟೆಯಲ್ಲಿ ಕಷ್ಟ. ಚರ್ಮವೂ ಹಾಗೇ.

ನೀರು ಹಿಡಿಯುವ ಪಟ್ಟಿ

ಕಾಮಕಸ್ತೂರಿ ಬೀಜವನ್ನು ನೀರಲ್ಲಿ ನೆನೆಹಾಕಿ ನೋಡಿ. ಬೀಜದ ಸುತ್ತ ಲೋಳೆ ಉಬ್ಬುತ್ತದೆ. ಅದು ನೀರನ್ನು ಹಿಡಿದುಕೊಳ್ಳುತ್ತದೆ. ಹೈಡ್ರೋಜೆಲ್ ಎಂಬ ಪಟ್ಟಿಯೂ ಹೀಗೇ. ಅದರಲ್ಲಿ ಹೆಚ್ಚಿನ ಪಾಲು ನೀರೇ. ಗಾಯಕ್ಕೆ ತಂಪು. ಬಿಚ್ಚುವಾಗ ಅಂಟಿ ಕೀಳುವುದಿಲ್ಲ. ನೋವು ಕಡಿಮೆ. ಆದರೆ ರಸ ತುಂಬಾ ಸುರಿಯುವ ಗಾಯಕ್ಕೆ ಇದು ಆಗದು. ಯಾವ ಗಾಯಕ್ಕೆ ಯಾವ ಪಟ್ಟಿ ಎಂಬುದನ್ನು ಡಾಕ್ಟರೇ ಹೇಳಬೇಕು.

ಪಟ್ಟಿಯೊಳಗೆ ಮದ್ದು

ಹೂವು ಪೋಣಿಸಿದರೆ ಮಾಲೆ. ನಮ್ಮ ಮೈಯಲ್ಲೂ ಅಮೈನೋ ಆಮ್ಲ ಎಂಬ ಸಣ್ಣ ‘ಹೂವು’ಗಳಿವೆ. ಅವುಗಳ ಉದ್ದ ಮಾಲೆ ಪ್ರೋಟೀನು. ತುಂಡು ಮಾಲೆ ಪೆಪ್ಟೈಡ್. ಕೆಲವು ಪೆಪ್ಟೈಡ್ ರೋಗಾಣುಗಳನ್ನು ಕೊಲ್ಲುತ್ತವೆ. ಕೆಲವು ಚರ್ಮ ಬೆಳೆಸುವ ಜೀವಕಣಗಳನ್ನು “ಇಲ್ಲಿಗೆ ಬನ್ನಿ” ಎಂದು ಕರೆಯುತ್ತವೆ.

ಅವನ್ನು ಹಾಗೇ ಹಚ್ಚಿದರೆ ಗಾಯದ ರಸ ಬೇಗ ತುಂಡು ಮಾಡಿಬಿಡುತ್ತದೆ. ಜೆಲ್ ಒಳಗಿದ್ದರೆ ಅವು ಹೆಚ್ಚು ಹೊತ್ತು ಉಳಿಯುತ್ತವೆ. ನಿಧಾನವಾಗಿ ಗಾಯಕ್ಕೆ ಇಳಿಯುತ್ತವೆ. ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣಿಗಾಗಿ ಪ್ರೋಟೀನು ಬೆರೆಸಿದ ಒಂದು ಜೆಲ್‌ಗೆ 1997ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಪೆಪ್ಟೈಡ್ ಪಟ್ಟಿಗಳಲ್ಲಿ ಹೆಚ್ಚಿನವು ಇನ್ನೂ ಪರೀಕ್ಷೆಯಲ್ಲಿವೆ.

ನಾವು ಇಂದೇ ಮಾಡೋಣ

ಹೊಸ ಪಟ್ಟಿ ಬರಲಿ. ಅಲ್ಲಿವರೆಗೂ ಕಾಯಬೇಕಿಲ್ಲ.

1. ಸುಟ್ಟ ಕೂಡಲೇ ಬಳೆ, ಉಂಗುರ ತೆಗೆಯೋಣ. 20 ನಿಮಿಷ ತಣ್ಣೀರು ಹರಿಸೋಣ. ಐಸ್ ಬೇಡ, ಟೂತ್‌ಪೇಸ್ಟ್ ಬೇಡ.
2. ಸಣ್ಣ ಗಾಯವನ್ನು ಶುದ್ಧ ನೀರು, ಸೋಪಿನಿಂದ ತೊಳೆಯೋಣ. ತೆಳ್ಳಗೆ ವ್ಯಾಸಲೀನ್ ಹಚ್ಚಿ ಶುಚಿಯಾದ ಬಟ್ಟೆ ಕಟ್ಟೋಣ. ದಿನವೂ ಬಟ್ಟೆ ಬದಲಾಯಿಸೋಣ.
3. ಬೂದಿ, ಮಣ್ಣು, ಸಗಣಿ ಬೇಡವೇ ಬೇಡ. ಅವುಗಳಿಂದ ಧನುರ್ವಾಯು ಬರಬಹುದು. ಚುಚ್ಚುಮದ್ದಿನ ಬಗ್ಗೆ ಆಸ್ಪತ್ರೆಯಲ್ಲಿ ಕೇಳೋಣ.
4. ಗಾಯ ಆಳವಾಗಿದ್ದರೆ, ಕೀವು ಕಟ್ಟಿದರೆ, ಜ್ವರ ಬಂದರೆ ಆಸ್ಪತ್ರೆಗೆ ಹೋಗೋಣ.
5. ಸಕ್ಕರೆ ಕಾಯಿಲೆ ಇದ್ದವರು ದಿನವೂ ಪಾದ ನೋಡಿಕೊಳ್ಳಬೇಕು. ಅವರಿಗೆ ಗಾಯದ ನೋವೇ ತಿಳಿಯದೆ ಹೋಗಬಹುದು. ಬಿಟ್ಟರೆ ಕಾಲನ್ನೇ ತೆಗೆಯಬೇಕಾದೀತು.

ಮನೆಗೆಲಸ ಮುಗಿದ ಮೇಲೆ ನೋಡೋಣ ಅನ್ನುವುದು ಬೇಡ ಅಕ್ಕ. ಗಾಯ ಕಾಯುವುದಿಲ್ಲ.

ಓದಿ, ಮಾತಾಡಿ

1. ನಿಮ್ಮ ಮನೆಯಲ್ಲಿ ಗಾಯಕ್ಕೆ ಏನು ಹಚ್ಚುತ್ತಾರೆ?
2. ಗಾಯ ತೇವವಾಗಿದ್ದರೆ ಏನು ಲಾಭ?
3. ಈ ಪದ ಬರೆಯಿರಿ: ಗಾಯ, ಚರ್ಮ, ಪಟ್ಟಿ, ತಣ್ಣೀರು.