ಕುಸ್ತಿಪಟುಗಳ ಕೀಲುನೋವು: ಮುಚ್ಚಿಡುವುದರ ಅಪಾಯ

ಸಕಲೇಶಪುರ, ಆಲೂರು ಭಾಗದಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಯದೇ ಆಳ್ವಿಕೆ. ಅದು ಹಿಂದೆಗೆದೊಡನೆ ಮೈಸೂರು ದಸರಾ ಕುಸ್ತಿ. ಅರೇಬಿಕಾ ಕೊಯ್ಲು ಮುಗಿಯುವ ವೇಳೆಗೆ ಜಾತ್ರೆಗಳ ಕಾಲ. ಈ ಬೆಟ್ಟಸಾಲಿನಿಂದ ಕಣಕ್ಕಿಳಿಯುವ ತರುಣನ ಮೈಗೆ ದುಪ್ಪಟ್ಟು ಹೊರೆ. ಹಗಲಲ್ಲಿ ಕಾಫಿಯ ಮೂಟೆ ಹೊತ್ತ ಬೆನ್ನೇ ಸಂಜೆ ಗರಡಿಯಲ್ಲಿ ಎದುರಾಳಿಯನ್ನೂ ಎತ್ತಬೇಕು. ಬಹುಮಾನದ ಹಣವನ್ನೇ ನೆಚ್ಚಿದ ಪೈಲ್ವಾನನಿಗೆ ವಿಶ್ರಾಂತಿಯ ದಿನವೆಂದರೆ ಗಳಿಕೆಯಿಲ್ಲದ ದಿನ. ಆದಕಾರಣ ಅವನು ನೋವನ್ನು ಹೇಳಿಕೊಳ್ಳುವುದಿಲ್ಲ. ಗಾಯಕ್ಕಿಂತ ಈ ಮೌನವೇ ಹೆಚ್ಚು ಕೆಡಕು ಮಾಡುತ್ತದೆಂಬುದು ನಮ್ಮ ಅಭಿಪ್ರಾಯ.

ಮುಷ್ಟಿಯುದ್ಧದಂಥ ಕ್ರೀಡೆಗಳಲ್ಲಿ ಪೆಟ್ಟು ತಲೆ, ಮುಖ, ಕೈಗಳಿಗೆ ಬೀಳುತ್ತದೆ. ಹಿಡಿತವೇ ಪ್ರಧಾನವಾದ ಕುಸ್ತಿಯಲ್ಲಿ ಮೊಣಕಾಲು, ಭುಜ, ಕುತ್ತಿಗೆಗಳು ನಲುಗುತ್ತವೆ. ಪಾದ ಮಟ್ಟಿಯಲ್ಲಿ ಊರಿರುವಾಗ ಎದುರಾಳಿ ಮೈಯನ್ನು ತಿರುಚಿದರೆ ಆ ತಿರುಚು ಮೊಣಕಾಲಿನ ಅಸ್ಥಿರಜ್ಜುಗಳ ಮೇಲೆ ಎರಗುತ್ತದೆ. ಒಳಗೆ ಟಪ್ಪೆಂಬ ಸದ್ದಾಗಿ ಕೆಲವೇ ಗಂಟೆಗಳಲ್ಲಿ ಕೀಲು ಊದಿಕೊಂಡರೆ ರಜ್ಜು ಹರಿದಿರುವ ಸಂಭವ ಹೆಚ್ಚು. ವಿನೇಶ್ ಫೋಗಟ್ 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಒಂದು ಮೊಣಕಾಲಿನ ಗಾಯದಿಂದ ಸ್ಟ್ರೆಚರ್ ಮೇಲೆ ಹೊರಬಂದರು. 2023ರಲ್ಲಿ ಮತ್ತೊಂದು ಮೊಣಕಾಲಿಗೆ ಶಸ್ತ್ರಚಿಕಿತ್ಸೆಯಾಯಿತು. ಮರುವರ್ಷ ಪ್ಯಾರಿಸ್‌ನಲ್ಲಿ ಫೈನಲ್ ತಲುಪಿದರು. ಇಂಥ ಶಸ್ತ್ರಚಿಕಿತ್ಸೆಯ ನಂತರ ಕಣಕ್ಕೆ ಮರಳಲು ಸಾಮಾನ್ಯವಾಗಿ ಒಂಬತ್ತು ತಿಂಗಳಾದರೂ ಬೇಕು. ಮುಂದಿನ ಜಾತ್ರೆ ಅಷ್ಟು ಕಾಲ ಕಾಯುವುದಿಲ್ಲ, ನಿಜ. ಆದರೆ ಮೊಣಕಾಲಿಗೆ ಜಾತ್ರೆಯ ಪಂಚಾಂಗ ತಿಳಿಯದು.

ಹೊಸ ಗಾಯದ ಮೇಲೆ ಬಿಸಿ ಎಣ್ಣೆ ಹಚ್ಚಿ ಬಲವಾಗಿ ತಿಕ್ಕುವ ರೂಢಿ ಗರಡಿಗಳಲ್ಲಿದೆ. ಆಯಾಸಗೊಂಡ ಸ್ನಾಯುಗಳಿಗೆ ಹಿತವಾದ ಈ ಮಾಲೀಸು ಊದಿದ ಕೀಲಿಗೆ ಸಲ್ಲದು. ರಕ್ತಸ್ರಾವ, ಬಾವು ಹೆಚ್ಚುತ್ತವೆ. ಮೊದಲ ಎರಡು ಮೂರು ದಿನ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ, ಹದವಾದ ಬಿಗಿಪಟ್ಟಿ ಮತ್ತು ಕಾಲನ್ನು ಎತ್ತರದಲ್ಲಿರಿಸುವುದು ಲೇಸು. ನೋವುನಿವಾರಕ ಸೂಜಿ ಚುಚ್ಚಿಸಿಕೊಂಡು ಕಣಕ್ಕಿಳಿಯುವುದು ಎಲ್ಲಕ್ಕಿಂತ ಕೆಟ್ಟದ್ದು.

ಕಿವಿಯ ಮಾತನ್ನೂ ಹೇಳಬೇಕು. ಮುದುಡಿದ ಕಿವಿಯನ್ನು ಪೈಲ್ವಾನರು ಪದಕದಂತೆ ಧರಿಸುತ್ತಾರೆ. ಉಜ್ಜಾಟದಿಂದ ಚರ್ಮಕ್ಕೂ ಮೃದ್ವಸ್ಥಿಗೂ ನಡುವೆ ರಕ್ತ ನಿಂತು, ಪೋಷಣೆ ತಪ್ಪಿ ಅದು ಮುರುಟುತ್ತದೆ. ಮೊದಲ ಕೆಲವು ದಿನಗಳಲ್ಲೇ ವೈದ್ಯರಿಂದ ಆ ರಕ್ತವನ್ನು ತೆಗೆಸಿದರೆ ಕಿವಿಯ ಆಕಾರ ಉಳಿಯಬಹುದು.

ಕಸರತ್ತಿನ ಮರುದಿನ ಎರಡೂ ತೊಡೆ, ಎರಡೂ ತೋಳು ಸಮನಾಗಿ ಮುಲುಗುಟ್ಟಿ ಎರಡು ಮೂರು ದಿನಗಳಲ್ಲಿ ಇಳಿದರೆ ಚಿಂತೆಯಿಲ್ಲ. ಒಂದೇ ಕೀಲು ನೋಯುವುದು, ಊದುವುದು, ನಡೆಯುವಾಗ ಸಿಕ್ಕಿಕೊಳ್ಳುವುದು ಅಥವಾ ಕುಸಿಯುವುದು, ರಾತ್ರಿ ನಿದ್ರೆಗೆಡಿಸುವುದು ಬೇರೆಯೇ ಮಾತು. ಮಳೆಗಾಲವಿಡೀ ಸಾಮು ಬಿಟ್ಟವನು ದಸರಾ ಸಮೀಪಿಸಿತೆಂದು ಒಮ್ಮೆಲೇ ನೂರಾರು ಬಸ್ಕಿ ಹೊಡೆಯುವುದೂ ಗಾಯಕ್ಕೆ ಆಹ್ವಾನ. ವಾರದಿಂದ ವಾರಕ್ಕೆ ಸ್ವಲ್ಪಸ್ವಲ್ಪವೇ ಏರಿಸಬೇಕು. ಗಾಯ ಮಾಗಿದವನು ಬಾವು ಪೂರ್ಣ ಇಳಿದು, ನೊಂದ ಕಾಲಿನ ಬಲ ಇನ್ನೊಂದಕ್ಕೆ ಸರಿಸಮವಾದ ಮೇಲೆ, ವೈದ್ಯರ ಒಪ್ಪಿಗೆ ಪಡೆದು ಜೋಡಿ ಹಿಡಿಯಲಿ.

ಕುತ್ತಿಗೆಯ ಗಾಯದಲ್ಲಿ ಮಾತ್ರ ಕ್ಷಣವೂ ತಡ ಸಲ್ಲದು. ಬಿದ್ದವನಿಗೆ ಕೈಕಾಲು ಜೋಮು ಹಿಡಿದರೆ, ಬಲ ಕುಂದಿದರೆ ಎತ್ತಿ ಕೂರಿಸಬಾರದು, ಕುತ್ತಿಗೆ ನೀವಬಾರದು, ಜೀಪಿನ ಹಿಂಬದಿಯಲ್ಲಿ ಮಡಿಸಿ ಮಲಗಿಸಿ ಘಟ್ಟದ ತಿರುವುಗಳಲ್ಲಿ ಸಾಗಿಸಬಾರದು. ತಲೆಯನ್ನು ಇದ್ದಲ್ಲೇ ಅಲುಗದಂತೆ ಹಿಡಿದು 108ಕ್ಕೆ ಕರೆ ಮಾಡಬೇಕು. ಸಕಲೇಶಪುರದಲ್ಲಿ ಕ್ರಾಫರ್ಡ್ ಸರ್ಕಾರಿ ಆಸ್ಪತ್ರೆಯಿದೆ. ಅಲ್ಲಿಂದ ಸುಮಾರು 40 ಕಿಲೋಮೀಟರ್ ದೂರದ ಹಾಸನದಲ್ಲಿ ವೈದ್ಯಕೀಯ ಕಾಲೇಜಿನ ಬೋಧಕ ಆಸ್ಪತ್ರೆಯಿದೆ.