ನಿದ್ರೆಯ ಮಾತ್ರೆ ಮತ್ತು ಅರ್ಧಾಯುವಿನ ಲೆಕ್ಕ

ಚಿಂತೆಯಿಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎಂದು ಹಿರಿಯರು ಹೇಳಿದ್ದಾರೆ. ಬೆಂಗಳೂರಿನ ಕಲ್ಯಾಣ ನಗರದಲ್ಲಿ ಓದುವ ವಿದ್ಯಾರ್ಥಿಗೆ ಸಂತೆಯಂತೂ ಬಾಗಿಲಲ್ಲೇ ಇದೆ. ಹೊರವರ್ತುಲ ರಸ್ತೆಯಲ್ಲಿ ನಡುರಾತ್ರಿಯಲ್ಲೂ ಲಾರಿಗಳು ಓಡುತ್ತಿರುತ್ತವೆ. ಅದರ ಮೇಲೆ ಪರೀಕ್ಷೆಯ ಚಿಂತೆಯೂ ಕೂಡಿದರೆ ನಿದ್ರೆ ದೂರವಾಗುವುದರಲ್ಲಿ ಆಶ್ಚರ್ಯವೇನೂ ಇಲ್ಲ. ಅಂಥ ವಿದ್ಯಾರ್ಥಿಯೊಬ್ಬನನ್ನು ಕಲ್ಪಿಸಿಕೊಳ್ಳೋಣ. ನಾಳೆ ಬೆಳಿಗ್ಗೆ 10 ಗಂಟೆಗೆ ಅವನಿಗೆ ಪರೀಕ್ಷೆ. ಇಂದು ರಾತ್ರಿ 10ಕ್ಕೆ, ಅಜ್ಜಿಗೆಂದು ವೈದ್ಯರು ಬರೆದುಕೊಟ್ಟಿದ್ದ ಡಯಾಜೆಪಾಮ್ ಮಾತ್ರೆಯೊಂದನ್ನು ಅವನು ಕೈಗೆತ್ತಿಕೊಂಡಿದ್ದಾನೆ. ನುಂಗಬಹುದೆ? ಈ ಪ್ರಶ್ನೆಯನ್ನು ಬಿಡಿಸಲು ವೈದ್ಯಶಾಸ್ತ್ರದೊಡನೆ ನಮ್ಮ ಭೌತಶಾಸ್ತ್ರವೂ ನೆರವಾಗುತ್ತದೆ.

ನಿದ್ರೆ ಬರುವುದು ಹೇಗೆ?

ಸ್ವಿಟ್ಜರ್ಲೆಂಡಿನ ವಿಜ್ಞಾನಿ ಅಲೆಕ್ಸಾಂಡರ್ ಬೋರ್ಬೆಲಿ 1982ರಲ್ಲಿ ನಿದ್ರೆಗೆ ಎರಡು ಕಾರಣಗಳನ್ನು ಸೂಚಿಸಿದರು. ಎಚ್ಚರವಾಗಿದ್ದಷ್ಟು ಹೊತ್ತೂ ನಿದ್ರೆಯ ಒತ್ತಡ ಏರುತ್ತ ಹೋಗುತ್ತದೆ, ಇದು ಮೊದಲನೆಯದು. ದೇಹದೊಳಗೆ ಸುಮಾರು 24 ಗಂಟೆಗೊಮ್ಮೆ ಸುತ್ತುವ ಗಡಿಯಾರವೊಂದಿದೆ, ಇದು ಎರಡನೆಯದು. ಇವೆರಡೂ ಒಂದುಗೂಡಿದಾಗ ಸುಖನಿದ್ರೆ ಲಭಿಸುತ್ತದೆ. ಒತ್ತಡವನ್ನು ಉಂಟುಮಾಡುವುದರಲ್ಲಿ ಅಡೆನೊಸಿನ್ ಎಂಬ ವಸ್ತುವಿನ ಪಾತ್ರ ಮುಖ್ಯವಾದುದು. ಕಾಫಿಯಲ್ಲಿರುವ ಕೆಫೀನ್ ಅಡೆನೊಸಿನ್ ಕೂಡಬೇಕಾದ ಸ್ಥಾನಗಳನ್ನು ತಾನು ಆಕ್ರಮಿಸಿಕೊಂಡು ಅದರ ಕೆಲಸವನ್ನು ತಡೆಯುತ್ತದೆ. ಆಗ ಒತ್ತಡವಿದ್ದರೂ ಅದು ನಮಗೆ ತಿಳಿಯದು.

ಅರ್ಧಾಯು

ವಿಕಿರಣಶೀಲ ಧಾತುವಿನ ಅರ್ಧಾಯುವನ್ನು ವಾಚಕರು ತರಗತಿಯಲ್ಲಿ ಕಲಿತಿರುತ್ತಾರೆ. ನಿಯತವಾದ ಒಂದು ಕಾಲಾವಧಿಯಲ್ಲಿ ಇದ್ದುದರಲ್ಲಿ ಅರ್ಧ ಕ್ಷಯಿಸುತ್ತದೆ. ಅಷ್ಟೇ ಕಾಲ ಮತ್ತೆ ಕಳೆದರೆ ಉಳಿದುದರಲ್ಲಿ ಅರ್ಧ. ರಕ್ತದಲ್ಲಿ ಸೇರಿದ ಅನೇಕ ಔಷಧಗಳೂ ಹೆಚ್ಚುಕಡಮೆ ಇದೇ ನಿಯಮದಂತೆ ಕಡಮೆಯಾಗುತ್ತವೆ. ಕೆಫೀನಿನ ಅರ್ಧಾಯು ಸುಮಾರು 5 ಗಂಟೆ. ಸಂಜೆ 5ಕ್ಕೆ ಕುಡಿದ ಫಿಲ್ಟರ್ ಕಾಫಿಯ ಕೆಫೀನಿನಲ್ಲಿ ಅರ್ಧ ಭಾಗ ರಾತ್ರಿ 10ಕ್ಕೂ ಕಾಲು ಭಾಗ ಬೆಳಗಿನ ಜಾವ 3ಕ್ಕೂ ದೇಹದಲ್ಲಿ ಉಳಿದಿರುತ್ತದೆ.

ಇನ್ನು ನಮ್ಮ ವಿದ್ಯಾರ್ಥಿಯ ಕೈಯಲ್ಲಿರುವ ಮಾತ್ರೆಯನ್ನು ನೋಡೋಣ. ಡಯಾಜೆಪಾಮಿನ ಅರ್ಧಾಯು ಸಾಮಾನ್ಯವಾಗಿ 20ರಿಂದ 50 ಗಂಟೆಗಳು. ಲೆಕ್ಕಕ್ಕೆ 40 ಗಂಟೆಯೆಂದು ಹಿಡಿಯೋಣ. ರಾತ್ರಿ 10ರಿಂದ ಬೆಳಿಗ್ಗೆ 10ರವರೆಗಿನ 12 ಗಂಟೆಗಳಲ್ಲಿ ಅದರ ಶೇಕಡ 19ರಷ್ಟು ಮಾತ್ರ ಕಳೆಯುತ್ತದೆ. ಶೇಕಡ 81 ಉಳಿಯುತ್ತದೆ. ಪ್ರಶ್ನಪತ್ರಿಕೆಯನ್ನು ಬಿಡಿಸುವ ಹೊತ್ತಿಗೆ ಮಂಪರನ್ನು ತರುವ ವಸ್ತು ಬಹುಮಟ್ಟಿಗೆ ಹಾಗೆಯೇ ಇರುತ್ತದೆ. ಇದಲ್ಲದೆ ಡಯಾಜೆಪಾಮ್ ದೇಹದಲ್ಲಿ ಮಾರ್ಪಟ್ಟು ಹುಟ್ಟುವ ವಸ್ತುವೂ ಮಂಪರು ತರುವಂಥದೇ. ಅದರ ಅರ್ಧಾಯು ಇನ್ನೂ ದೀರ್ಘವಾದುದು.

ಪ್ರತಿರಾತ್ರಿಯೂ ಒಂದೊಂದು ಮಾತ್ರೆ ನುಂಗಿದರೆ? ಅದೇ 40 ಗಂಟೆಯ ಅರ್ಧಾಯುವಿನಂತೆ 24 ಗಂಟೆಗಳ ಬಳಿಕ 0.66 ಭಾಗ ಉಳಿಯುತ್ತದೆ. ಅದರ ಮೇಲೆ ಹೊಸ ಮಾತ್ರೆ ಬೀಳುತ್ತದೆ. 1 + 0.66 + 0.66ರ ವರ್ಗ + ... ಎಂಬ ಗುಣೋತ್ತರ ಶ್ರೇಢಿಯ ಮೊತ್ತ ಸುಮಾರು 2.9. ಹೀಗೆ, ಒಂದೇ ಮಾತ್ರೆ ನುಂಗುತ್ತಿರುವೆನೆಂದು ತಿಳಿದವನ ದೇಹದಲ್ಲಿ ಕೆಲವು ದಿನಗಳಲ್ಲೇ ಹೆಚ್ಚುಕಡಮೆ ಮೂರು ಮಾತ್ರೆಗಳಷ್ಟು ಔಷಧ ಸೇರಿರುತ್ತದೆ.

ಹಾಗಾದರೆ ಅರ್ಧಾಯು ಕಡಮೆಯಿರುವ ಮಾತ್ರೆ ನಿರಪಾಯವೆ? ಜೋಲ್ಪಿಡೆಮಿನ ಅರ್ಧಾಯು ಸುಮಾರು 2.5 ಗಂಟೆ, 8 ಗಂಟೆಗಳ ಬಳಿಕ ಶೇಕಡ 11ರಷ್ಟು ಉಳಿಯುತ್ತದೆ. ಆದರೆ ಇದು ಸರಾಸರಿಯ ಲೆಕ್ಕ. ಸ್ತ್ರೀಯರ ದೇಹದಿಂದ ಈ ಔಷಧ ನಿಧಾನವಾಗಿ ಹೊರಹೋಗುತ್ತದೆ; ಬೆಳಿಗ್ಗೆ ವಾಹನ ನಡೆಸಲು ಅಪಾಯವಾಗುವಷ್ಟು ರಕ್ತದಲ್ಲಿ ಉಳಿಯಬಹುದೆಂದು ತಿಳಿದು, 2013ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು ಸ್ತ್ರೀಯರ ಪ್ರಮಾಣವನ್ನು 10 ಮಿಲಿಗ್ರಾಮಿನಿಂದ 5ಕ್ಕೆ ಇಳಿಸಿತು. ನೆಗಡಿಗೆಂದು ಕೊಳ್ಳುವ ಕ್ಲೋರ್ಫೆನಿರಮೈನ್ ಮಾತ್ರೆಯನ್ನು ನಿದ್ರೆಗಾಗಿ ನುಂಗುವವರೂ ಉಂಟು. ಅದರ ಅರ್ಧಾಯು ಸುಮಾರು 20 ಗಂಟೆ. ಮರುದಿನದ ತೂಕಡಿಕೆ ಅದರಿಂದಲೇ.

ಮೆಲಟೋನಿನ್ ಬೇರೆ ಜಾತಿಯದು. 1958ರಲ್ಲಿ ಆರನ್ ಲರ್ನರ್ ಅವರು ಪ್ರತ್ಯೇಕಿಸಿದ ಈ ಹಾರ್ಮೋನು ರಾತ್ರಿಯಾಯಿತೆಂದು ದೇಹದ ಗಡಿಯಾರಕ್ಕೆ ತಿಳಿಸುತ್ತದೆಯೇ ಹೊರತು ಬಲವಂತವಾಗಿ ನಿದ್ರೆ ತರಿಸದು. ಗಡಿಯಾರವೇ ಹಿಂದೆಮುಂದೆ ಆದವರಿಗೆ ಇದರ ಪ್ರಯೋಜನ. ಚಿಂತೆಯಿಂದ ನಿದ್ರೆಗೆಟ್ಟವರಿಗೆ ಅಷ್ಟಾಗಿಲ್ಲ.

ನಮ್ಮ ದೇಶದಲ್ಲಿ ಡಯಾಜೆಪಾಮ್, ಆಲ್ಪ್ರಜೋಲಾಮ್, ಜೋಲ್ಪಿಡೆಮ್ ಮುಂತಾದವು 2013ರಲ್ಲಿ ರಚಿತವಾದ ಎಚ್-1 ಅನುಸೂಚಿಗೆ ಸೇರಿವೆ. ವೈದ್ಯರ ಚೀಟಿಯಿಲ್ಲದೆ ಇವನ್ನು ಮಾರಕೂಡದು. ಅಂಗಡಿಯವರು ಮಾರಾಟವನ್ನು ಪ್ರತ್ಯೇಕ ಪುಸ್ತಕದಲ್ಲಿ ಬರೆದು ಮೂರು ವರ್ಷ ಕಾಯ್ದಿಡಬೇಕು. ಇಷ್ಟು ಎಚ್ಚರಿಕೆಗೆ ಕಾರಣವಿದೆ. ಇವು ಬೇಗನೆ ಅಭ್ಯಾಸವಾಗುತ್ತವೆ. ಮದ್ಯದೊಡನೆ ಸೇರಿದರೆ ಉಸಿರಾಟವನ್ನೇ ಕುಗ್ಗಿಸಬಲ್ಲವು. ಬಹುಕಾಲದಿಂದ ಸೇವಿಸುತ್ತಿರುವವರು ಥಟ್ಟನೆ ಬಿಡುವುದೂ ಅಪಾಯಕರ; ವೈದ್ಯರ ಸಲಹೆಯಂತೆ ಮೆಲ್ಲಮೆಲ್ಲನೆ ಕಡಮೆಮಾಡಬೇಕು.

ಮಾತ್ರೆಯಿಲ್ಲದ ಸಾಧನಗಳು

2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ರಾತ್ರಿಯ ಶಬ್ದದ ಮಿತಿ 45 ಡೆಸಿಬೆಲ್. ಕೋಣೆಯಲ್ಲಿ 65 ಡೆಸಿಬೆಲ್ ಇದ್ದರೆ ಅದು ಒಂದೂವರೆ ಪಟ್ಟಲ್ಲ. ಪ್ರತಿ 10 ಡೆಸಿಬೆಲಿಗೂ ಶಬ್ದದ ತೀವ್ರತೆ ಹತ್ತು ಪಟ್ಟಾಗುವುದರಿಂದ 20 ಡೆಸಿಬೆಲ್ ಎಂದರೆ ನೂರು ಪಟ್ಟು. ಸರಿಯಾಗಿ ಕೂರಿಸಿದ ಮೆತ್ತನೆಯ ಕಿವಿಬಿರಡೆ ಸುಮಾರು ಅಷ್ಟೇ ಡೆಸಿಬೆಲ್‌ಗಳನ್ನು ತಗ್ಗಿಸುತ್ತದೆ. ಹಾಸಿಗೆಯನ್ನು ರಸ್ತೆಯ ಬದಿಯಿಂದ ಹಿಂದಿನ ಕೋಣೆಗೆ ಸರಿಸಿದರೆ ಮತ್ತಷ್ಟು ಲಾಭ. ಇವಕ್ಕೆ ಅರ್ಧಾಯುವಿನ ಕಾಟವಿಲ್ಲ. ಬೆಳಿಗ್ಗೆ ಬಿರಡೆ ತೆಗೆದರೆ ಏನೂ ಉಳಿಯದು!

ಬೆಳಕಿನ ಮಾತೂ ಹೀಗೆಯೇ. ಮನೆಯ ದೀಪದಡಿಯಲ್ಲಿ ಕೆಲವು ನೂರು ಲಕ್ಸ್ ಇದ್ದರೆ ಹಗಲಿನಲ್ಲಿ ಬಯಲಲ್ಲಿ ಸಾವಿರಾರು ಲಕ್ಸ್ ಇರುತ್ತದೆ. ಮುಂಜಾನೆ ಅರ್ಧ ಗಂಟೆ ಹೊರಗೆ ತಿರುಗಾಡಿ, ರಾತ್ರಿ ದೀಪವನ್ನೂ ದೂರವಾಣಿಯ ಪರದೆಯನ್ನೂ ಮಂದಗೊಳಿಸಿದರೆ ಒಳಗಿನ ಗಡಿಯಾರ ಸರಿಹೋಗುತ್ತದೆ.

ವಾರದಲ್ಲಿ ಮೂರು ರಾತ್ರಿಗಳಾದರೂ ನಿದ್ರೆ ಬಾರದೆ ಮೂರು ತಿಂಗಳು ಕಳೆದರೆ ಅದನ್ನು ದೀರ್ಘಕಾಲದ ನಿದ್ರಾಹೀನತೆ ಎನ್ನುತ್ತಾರೆ. ಅದಕ್ಕೂ ಮೊದಲ ಚಿಕಿತ್ಸೆ ಮಾತ್ರೆಯಲ್ಲವೆಂದು ಅಮೆರಿಕದ ವೈದ್ಯರ ಕಾಲೇಜು 2016ರಲ್ಲಿ ಸ್ಪಷ್ಟಪಡಿಸಿತು. ಆಲೋಚನೆಯನ್ನೂ ನಡವಳಿಕೆಯನ್ನೂ ತಿದ್ದುವ ಚಿಕಿತ್ಸೆಯೊಂದಿದೆ: ದಿನವೂ ಒಂದೇ ಹೊತ್ತಿಗೆ ಏಳುವುದು, ಹಾಸಿಗೆಯಲ್ಲಿ ಓದದಿರುವುದು, ಇಪ್ಪತ್ತು ನಿಮಿಷವಾದರೂ ನಿದ್ರೆ ಬಾರದಿದ್ದರೆ ಎದ್ದು ಕುಳಿತು, ಕಣ್ಣು ಎಳೆದಾಗ ಮಾತ್ರ ಮಲಗುವುದು. ಗೊರಕೆಯೊಡನೆ ಉಸಿರು ಕಟ್ಟುವವರಂತೂ ಮಾತ್ರೆಗೆ ಮೊದಲು ವೈದ್ಯರನ್ನು ಕಾಣಲೇಬೇಕು. ನಿದ್ರೆಯ ದೋಷಗಳ ಪರೀಕ್ಷೆಯೂ ಸಂಶೋಧನೆಯೂ ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿಯೇ ನಡೆಯುತ್ತವೆ. ಮನಸ್ಸಿನ ಕಳವಳವೇ ಕಾರಣವಾಗಿದ್ದರೆ 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಯನ್ನು 14416 ಸಂಖ್ಯೆಯಲ್ಲಿ ಕೇಳಬಹುದು.

ಈಗ ನಮ್ಮ ವಿದ್ಯಾರ್ಥಿಯ ಬಳಿಗೆ ಮರಳೋಣ. ಅಜ್ಜಿಯ ಮಾತ್ರೆಯನ್ನು ಅವನು ಅಜ್ಜಿಯ ಡಬ್ಬಿಗೇ ಹಾಕಲಿ. ಒಂದು ರಾತ್ರಿ ನಿದ್ರೆ ಕಡಮೆಯಾದರೆ ಮರುರಾತ್ರಿ ಒತ್ತಡವೇ ಹೆಚ್ಚಿ ಅದನ್ನು ಬಹುಮಟ್ಟಿಗೆ ತುಂಬಿಕೊಡುತ್ತದೆ. ನಿದ್ರೆಗೆ ನೆರವಾಗುವ ಯಾವ ಸಾಧನವನ್ನು ಆರಿಸುವಾಗಲೂ, ಎಷ್ಟು ಬೇಗ ನಿದ್ರೆ ಬರುತ್ತದೆ ಎಂಬುದರ ಜತೆಗೆ ಬೆಳಿಗ್ಗೆ ದೇಹದಲ್ಲಿ ಎಷ್ಟು ಉಳಿಯುತ್ತದೆ ಎಂಬುದನ್ನೂ ಕೇಳಬೇಕು. ಲೆಕ್ಕವನ್ನು ಈಗ ವಾಚಕರೇ ಮಾಡಬಲ್ಲರು.