ಅಚ್ಚಿನಲ್ಲಿ ಮೂಡುವ ನರಾಂಗಾಂಶ

ರಾವೂರ, ಶಹಾಬಾದಗಳ ಸುತ್ತಣ ಹಾಸುಗಲ್ಲಿನ ಗಣಿಯಲ್ಲಿ ದುಡಿಯುವವನೊಬ್ಬನಿಗೆ ಮೊಣಕೈಯ ಬಳಿ ಕಲ್ಲಿನಂಚು ತಗಲಿ ನರ ತುಂಡಾಯಿತೆಂದು ಭಾವಿಸೋಣ. ನರತಂತು ಮತ್ತೆ ಬೆಳೆಯಬಲ್ಲುದು. ಆದರೆ ದಿನಕ್ಕೆ ಸುಮಾರು 1 ಮಿಲಿಮೀಟರಿನಷ್ಟು ಮಾತ್ರ. 30 ಸೆಂಟಿಮೀಟರು ದೂರದ ಸ್ನಾಯುವನ್ನು ಮುಟ್ಟಲು 300 ದಿನಗಳು ಬೇಕು. ಅಷ್ಟರಲ್ಲಿ ಸ್ನಾಯು ಸೊರಗುತ್ತದೆ. ಮಿದುಳು, ಬೆನ್ನುಹುರಿಗಳಲ್ಲಿಯಾದರೋ ಇಂಥ ಮರುಬೆಳವಣಿಗೆ ಬಹುಮಟ್ಟಿಗೆ ಇಲ್ಲ.

ಹಾಗಾದರೆ ನರಾಂಗಾಂಶವನ್ನು ನಾವೇ ಕಟ್ಟಬಹುದೆ? ಜೀವಕೋಶಗಳನ್ನು ಅಂಟುದ್ರವದಲ್ಲಿ ಬೆರೆಸಿ, ಯಂತ್ರದ ಸೂಜಿಯಿಂದ ಎಳೆಯೆಳೆಯಾಗಿ ಇಳಿಸುವುದೇ ಇದಕ್ಕೆ ಕಂಡುಕೊಂಡ ಉಪಾಯ. ಈ ದ್ರವಕ್ಕೆ ಜೈವಿಕ ಶಾಯಿಯೆಂದು ಹೆಸರು. ಚಕ್ಕುಲಿಯ ಹಿಟ್ಟನ್ನು ನೆನೆಯೋಣ: ನೀರಾದರೆ ಆಕಾರ ನಿಲ್ಲದು, ಗಟ್ಟಿಯಾದರೆ ಒರಳಿನಿಂದ ಇಳಿಯದು. ನರಕೋಶದ ವಿಷಯದಲ್ಲಿ ಇನ್ನೊಂದು ತೊಡಕುಂಟು. ಆಕಾರ ನಿಲ್ಲುವಷ್ಟು ಗಟ್ಟಿಯಾದ ಶಾಯಿಯಲ್ಲಿ ಅದು ತನ್ನ ತಂತುಗಳನ್ನು ಚಾಚಲಾರದು.

2024ರಲ್ಲಿ ಅಮೆರಿಕದ ವಿಸ್ಕಾನ್ಸಿನ್-ಮ್ಯಾಡಿಸನ್ ವಿಶ್ವವಿದ್ಯಾನಿಲಯದವರು ಆಕರಕೋಶಗಳಿಂದ ಬೆಳೆಸಿದ ಮಾನವ ನರಕೋಶಗಳನ್ನು ಮೆದುವಾದ ಶಾಯಿಯಲ್ಲಿರಿಸಿ, ಮೇಲೆ ಮೇಲೆ ಪೇರಿಸದೆ, ಪಕ್ಕಪಕ್ಕದ ಪಟ್ಟಿಗಳಾಗಿ ಹಾಸಿದರು. ಹಾಸು ತೆಳುವಾದುದರಿಂದ ಆಮ್ಲಜನಕ ಒಳಸೇರಿತು. ಪಟ್ಟಿಯಿಂದ ಪಟ್ಟಿಗೆ ತಂತುಗಳು ಚಾಚಿ ಸಂಕೇತಗಳು ಹರಿದವು. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿಯೂ ಜೈವಿಕ ಮುದ್ರಣ ಕೇಂದ್ರವೊಂದನ್ನು ಸ್ಥಾಪಿಸುವುದಾಗಿ 2022ರಲ್ಲಿ ಪ್ರಕಟಿಸಲಾಯಿತು.

ಇಂಥ ಅಂಗಾಂಶವು ಸದ್ಯಕ್ಕೆ ರೋಗಗಳ ಅಭ್ಯಾಸಕ್ಕೂ ಔಷಧಗಳ ಪರೀಕ್ಷೆಗೂ ಒದಗುವುದೇ ಹೊರತು ಗಾಯಾಳುವಿನ ಕೈಗಲ್ಲ. ನಿಲ್ಲುವಷ್ಟು ಗಟ್ಟಿ, ಬೆಳೆಯಗೊಡುವಷ್ಟು ಮೃದು ಎಂಬ ಆ ಹದವನ್ನು ಕಾಣಲು ರಸಾಯನ, ಜೀವ, ಯಂತ್ರಶಾಸ್ತ್ರಗಳ ವಿದ್ಯಾರ್ಥಿಗಳು ಒಟ್ಟಾಗಿ ದುಡಿಯಬೇಕಾಗಿದೆ.